ಬಂದ್ ಮಾಡಿದ ಮೇಲೂ ಮಿಣುಕುವ ಬಲ್ಬು

ವೈರಿಂಗ್ ಕೆಲಸದ ನನಗೆ ಕರಜಗಿಯ ಅವ್ವಾರೊಬ್ಬರು ಫೋನ್ ಮಾಡಿ, ಸ್ವಿಚ್ ಬಂದ್ ಮಾಡಿದರೂ ದೇವರ ಮನೆಯ ಎಲ್‌ಇಡಿ ಬಲ್ಬು ಮಿಣುಕುತ್ತದೆ ಎಂದಿದ್ದರು. ನಾನು ಹೋದಾಗ ಅವರು ಸ್ಟೂಲ್ ಹತ್ತಿ, ಹಸಿ ಅರಿವಿ ಹಿಡಿದು ಬಲ್ಬಿಗೆ ಕೈ ಚಾಚಿದ್ದರು.

"ಮುಟ್ಟಬ್ಯಾಡ್ರೀ ಅವ್ವಾರೇ!" ಎಂದು ಚೀರಿದೆ.

"ಬಂದ್ ಮಾಡೀನಲ್ಲೋ ತಮ್ಮಾ. ಸೋಮವಾರಕ್ಕೊಮ್ಮೆ ಒರಸಿ ವಿಭೂತಿ ಹಚ್ತೇನಿ."

ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಬಿಚ್ಚಿ ನೋಡಿದರೆ ಸ್ವಿಚ್ಚಿಗೆ ಕರೆಂಟು ತರುವ ಫೇಸ್ ಬದಲು ಅದು ವಾಪಸಾಗುವ ನ್ಯೂಟ್ರಲ್ ವೈರ್ ಕೊಟ್ಟಿದ್ದರು. ಹಾಗಿದ್ದಾಗ ಬಂದ್ ಮಾಡಿದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಅದರಲ್ಲಿ ಚೂರು ಸೋರಿದರೂ ಸಾಕು, ಎಲ್‌ಇಡಿ ಮಿಣುಕುತ್ತದೆ.

"ಯಾವ ಮಬ್ಬ ಮಾಡ್ಯಾನ್ರಿ ಈ ವೈರಿಂಗ್?"

"ನೀನೇ ಅಲ್ಲೇನೋ? ಆಗಿನ್ನೂ ಕೆಲಸ ಕಲಿಯಾಕತ್ತಿದ್ದಿ."

ಹಳೇ ಗುಂಡು ಬಲ್ಬು ಅಷ್ಟು ಸೋರಿಕೆಗೆಲ್ಲ ಉರಿಯುವುದಿಲ್ಲ. ಇಷ್ಟು ವರ್ಷ ಅದು ನನ್ನ ಮಾನ ಕಾಪಾಡಿತ್ತು. ಆಗ ನಾನು ವೈರಿಂಗ್ ಮಾಡಿಕೊಟ್ಟಿದ್ದ ಊರಿನವರೆಲ್ಲ ಈಗ ಎಲ್‌ಇಡಿ ಹಾಕಿಸುತ್ತಿದ್ದಾರೆ.