ವೀಡಿಯೊದವರ ಕಂಪ್ಯೂಟರ್

ಚಿಂತಾಮಣಿಯಲ್ಲಿ ಮದುವೆಗಳ ವೀಡಿಯೊ ತೆಗೆಯುತ್ತಿದ್ದವರು ಅವರು. ಉತ್ತರ ಹೊಳೆಯದಿದ್ದಾಗ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಎಡಿಟಿಂಗ್‌ಗೆಂದು ಕಂಪ್ಯೂಟರ್ ಜೋಡಿಸಲು ಹೊರಟಾಗ, ಕಂಪ್ಯೂಟರ್ ಕೋರ್ಸ್ ಮಾಡಿದ್ದ ನನ್ನನ್ನೂ ಬೆಂಗಳೂರಿಗೆ ಕರೆದೊಯ್ದರು.

ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾನಿಟರ್, ಮೊಣಕಾಲೆತ್ತರದ ಸ್ಪೀಕರ್ ಆರಿಸಿದರು. ವೀಡಿಯೊ ತುಂಬಿಡುವ ಹಾರ್ಡ್ ಡಿಸ್ಕ್ ಮಾತ್ರ ಇದ್ದುದರಲ್ಲೇ ಚಿಕ್ಕದು.

"ಇದು ಸಾಲಲ್ಲ ಸಾರ್," ಎಂದೆ.

"ಒಳಗಿರೋದನ್ನ ಯಾರು ನೋಡ್ತಾರಪ್ಪ?" ಎಂದರು. ರ‍್ಯಾಮ್ ಬಗ್ಗೆ ಹೇಳಿದಾಗಲೂ ಅದೇ ಮಾತು.

ಆ ಕಂಪ್ಯೂಟರಿಗೆ ಮೊದಲು ಸಿಕ್ಕಿದ್ದು ನಮ್ಮಕ್ಕನ ಮದುವೆ. ಅವರು ಕ್ಯಾಸೆಟ್ ತಂದುಕೊಡುವಷ್ಟರಲ್ಲಿ ಅಕ್ಕ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು. ಎಲ್ಲರೂ ಟೀವಿ ಮುಂದೆ ಕೂತೆವು, ಅವರೂ ಕೂತರು. ಜೀರಿಗೆ ಬೆಲ್ಲ ಇಟ್ಟಿದ್ದಾಯಿತು, ಗಟ್ಟಿಮೇಳ ಶುರುವಾಯಿತು. ತಟ್ಟನೆ ತೆರೆ ತುಂಬ ಗುಲಾಬಿ ಅರಳಿತು. ಅಲ್ಲಿಂದ ಕೊನೆಯವರೆಗೂ ಬರೀ ಗುಲಾಬಿ.

"ತಾಳಿ ಕಟ್ಟಿದ್ದು ಎಲ್ರೀ?" ಅಪ್ಪ ಅವರತ್ತ ತಿರುಗಿ ಕೇಳಿದರು.

ಅವರು ಕನ್ನಡಕ ಒರೆಸಿದರು. "ಅಷ್ಟೊತ್ತಿಗೆ ಡಿಸ್ಕ್ ತುಂಬೋಗಿತ್ತು. ನಾನು ಎಲ್ಲಾ ಕಂಪ್ಯೂಟರ್ ಒಳಗೆ ಹೋಯ್ತು ಅಂದ್ಕೊಂಡು, ಕ್ಯಾಮೆರಾದಲ್ಲಿದ್ದ ಅದೇ ಟೇಪಲ್ಲಿ ಶಿಡ್ಲಘಟ್ಟದ ಮದುವೆ ತೆಗೆದ್ಬಿಟ್ಟೆ. ಇನ್ನೊಂದ್ಸಲ ತಾಳಿ ಕಟ್ಸಿ, ಬಿಟ್ಟಿಯಾಗೇ ತೆಗೀತೀನಿ."

"ಈ ಹೊಟ್ಟೇನ ಎಲ್ಲಿ ಬಚ್ಚಿಡ್ಲಿ?" ಅಕ್ಕ ಕೇಳಿದಳು.

"ಕತ್ತಿಂದ ಮೇಲೆ ಮಾತ್ರ ತೆಗೀತೀನಿ ಬಿಡಮ್ಮ."

ಈಗಲೂ ಆ ಕ್ಯಾಸೆಟ್ಟಿನಲ್ಲಿ ತಾಳಿ ಕಟ್ಟುವಾಗ ಭಾವನ ಬೆರಳುಗಳು, ಅಕ್ಕನ ಸಿಟ್ಟಿನ ಮುಖ ಬಿಟ್ಟರೆ ಬೇರೇನೂ ಕಾಣುವುದಿಲ್ಲ.