ಗೌಡರ ಅಂಗಿಯ ಮೇಲಿನ ಕಾಮನಬಿಲ್ಲು

ಭಾರವಿದ್ದದ್ದೇ ಒಳ್ಳೆಯದು ಎಂದು ನಂಬುವ ಜಾತಿ ನನ್ನದು. ಮಳವಳ್ಳಿಯಲ್ಲಿ ಮದುವೆ ವಿಡಿಯೊ ತೆಗೆಯುವುದು ನನ್ನ ಕಸುಬು. ಒಂದು ಹೆಗಲು ಇಳಿಬಿದ್ದಿದ್ದರೂ ಬೆಳಕು ಹಿಡಿಯುವ ಸೆನ್ಸರು ಮೂರಿರುವ ನನ್ನ ಹಳೆಯ ಕ್ಯಾಮೆರಾ ಬಿಟ್ಟವನಲ್ಲ. ಹೆಂಡತಿ ಸುಧಾ ಒಂದೇ ಸೆನ್ಸರಿನ ಪುಟ್ಟ ಹೊಸದನ್ನು ಹಿಡಿದು ಓಡಾಡುತ್ತಾಳೆ. ನಮ್ಮ ಜಗಳಗಳಲ್ಲಿ ಅರ್ಧ ಇವೆರಡರವೇ.

ನನ್ನದರಲ್ಲಿ ಗಾಜಿನ ಪಟ್ಟಕವೊಂದು ಬೆಳಕನ್ನು ಸೀಳಿ ಕೆಂಪು, ಹಸಿರು, ನೀಲಿಯನ್ನು ಒಂದೊಂದು ಸೆನ್ಸರಿಗೆ ಕಳಿಸುತ್ತದೆ. ಅವಳದರಲ್ಲಿ ಸೆನ್ಸರಿನ ಪ್ರತಿ ಚುಕ್ಕಿಗೂ ಒಂದೇ ಬಣ್ಣ ಕಾಣುವುದು. ಉಳಿದೆರಡನ್ನು ಅಕ್ಕಪಕ್ಕದವರನ್ನು ವಿಚಾರಿಸಿ ಊಹಿಸಬೇಕು. ನಮ್ಮ ಬೀದಿಯಲ್ಲಿ ಸುದ್ದಿ ತಯಾರಾಗುವುದೂ ಹೀಗೆಯೇ.

ಹಲಗೂರಿನ ಮದುವೆಯೊಂದರ ವಿಡಿಯೊ ಕಳಿಸಿದ ಮೇಲೆ ಬಂಡೂರಿನ ಕಾಳೇಗೌಡರು ಸ್ಟುಡಿಯೊಗೆ ಬಂದರು. ಮದುಮಗಳ ಸೋದರಮಾವ, ತಂದೆಯಿಲ್ಲದ ಹುಡುಗಿಯನ್ನು ಸಾಕಿ ಧಾರೆ ಎರೆದವರು.

“ಏನ್ಲಾ ಇದು, ನನ್ ಅಂಗಿ ಮ್ಯಾಲೆ ಆವು ಅರ್ದಂಗೆ ಅರೀತದೆ? ಬೀಗ್ರು ನಗ್ತಾವ್ರೆ.”

ಸುಧಾ ತೆಗೆದ ಭಾಗದಲ್ಲಿ ಅವರ ಸಣ್ಣ ಗೆರೆಯ ಅಂಗಿಯ ತುಂಬ ಕಾಮನಬಿಲ್ಲು ಹಾವಿನಂತೆ ಹರಿದಾಡುತ್ತಿತ್ತು. ನನಗೆ ಹಬ್ಬ. ಒತ್ತೊತ್ತಾದ ಗೆರೆ ಕಂಡರೆ ಒಂಟಿ ಸೆನ್ಸರಿನ ಊಹೆ ತಪ್ಪುತ್ತದೆ ಎಂದು ಪಾಠ ಮಾಡಿ, ನನ್ನ ಚಿತ್ರ ತೋರಿಸಿದೆ. ಅಲ್ಲಿ ಅಂಗಿ ಸಭ್ಯವಾಗಿತ್ತು.

“ಇದ್ನೇ ಆಕು. ಅವಳ್ದ ತಗ್ದಾಕು” ಎಂದರು ಗೌಡರು.

ಸುಧಾ ತನ್ನ ವಿಡಿಯೊವನ್ನು ಮುಂದಕ್ಕೆ ಓಡಿಸಿದಳು. ಹುಡುಗಿಯನ್ನು ಕಳಿಸಿಕೊಡುವ ಹೊತ್ತು. ನನ್ನ ಕ್ಯಾಮೆರಾ ಆಗ ಸ್ಟ್ಯಾಂಡಿನ ಮೇಲೆ ಖಾಲಿ ವೇದಿಕೆಯನ್ನು ಕಾಯುತ್ತಿತ್ತು. ಅವಳದು ಅಡುಗೆಮನೆಯ ಹಿಂದಕ್ಕೆ ಹೋಗಿತ್ತು. ಅಲ್ಲಿ ಗೌಡರು ಗೋಡೆಗೆ ಮುಖ ಮಾಡಿ, ಅದೇ ಕಾಮನಬಿಲ್ಲಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹುಡುಗಿ ಹಿಂದಿನಿಂದ ಬಂದು ಅವರ ಬೆನ್ನಿಗೆ ಹಣೆ ಒತ್ತಿದಳು.

ಗೌಡರು ಅದನ್ನು ಇನ್ನೊಮ್ಮೆ ಹಾಕಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಬಣ್ಣ ಊಹೆ ಅಂದ್ಯಲ್ಲ, ಆ ಕಣ್ಣೀರೂ ಊಹೆನೇ ಕಣ್ಲಾ” ಎಂದರು.

“ಊಹೆನೇ ಗೌಡ್ರೆ” ಎಂದೆ. ಗಿರಾಕಿಗೆ ಎದುರಾಡುವವನಲ್ಲ ನಾನು.

“ತೆಗೆದುಬಿಡ್ಲಾ?” ಎಂದಳು ಸುಧಾ.

“ಬ್ಯಾಡ ಕಣಮ್ಮ. ಆವು ಅರೀಲಿ ಬುಡು. ಆ ಮಗೀಗೂ ಒಂದು ಕಾಪಿ ಕಳ್ಸು.”

ಅವರು ಹೋದ ಮೇಲೆ ಸುಧಾ ಕಾಫಿ ತಂದಿಟ್ಟಳು. ಗೆದ್ದ ಹೆಂಡತಿ ಸುಮ್ಮನೆ ಕಾಫಿ ಕೊಟ್ಟರೆ ಸುಮ್ಮನೆ ಕುಡಿಯಬೇಕು, ಕುಡಿದೆ. ಸಕ್ಕರೆ ಇರಲಿಲ್ಲ. ಬಣ್ಣ ಮಾತ್ರ ನನ್ನ ಕ್ಯಾಮೆರಾದ ಚಿತ್ರದಂತೆ ಕರಾರುವಾಕ್ಕಾಗಿತ್ತು.