ಉಗ್ರಾಣದಲ್ಲಿದ್ದ ಕಬ್ಬಿಣ

ಅವರ ಎಡಗೈ ಉಂಗುರದ ಬೆರಳಿನ ತುದಿ ಜರಡಿಯಂತೆ ಚುಕ್ಕೆ ಚುಕ್ಕೆಯಾಗಿತ್ತು. ಸೂಜಿ ಕಂಡರೆ ಓಡುವ ಹೆಂಗಸರಿಗೆ ಧೈರ್ಯ ಬರಲೆಂದು ಮೊದಲು ತಮ್ಮ ಬೆರಳಿಗೇ ಚುಚ್ಚಿಕೊಂಡು, ಮೇಲೆದ್ದ ಹನಿಯನ್ನು ತೋರಿಸಿ, ಆಮೇಲೆ ಬೇರೆ ಸೂಜಿ ತೆಗೆದುಕೊಳ್ಳುತ್ತಿದ್ದರು. ಮುಳಬಾಗಿಲು ಕಡೆಯ ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ ಅವರದು. ಊರಿಗೆಲ್ಲ ಅವರು ಲ್ಯಾಬಿನಕ್ಕ.

ಅಕ್ಕನಿಗೆ ಮೂಗಿನ ಮೇಲೇ ಸಿಟ್ಟು. ಹೆಂಡತಿಯನ್ನು ಕರೆತಂದ ಗಂಡಸರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದರು: "ಹಸೂಗೆ ಹಿಂಡಿ ಇಡ್ತೀಯಲ್ಲ, ಇವ್ಳಿಗೆ ಏನಿಡ್ತೀಯ?" ಉತ್ತರ ಬರುವವರೆಗೂ ಬಿಡುತ್ತಿರಲಿಲ್ಲ.

ನಮ್ಮ ದೇಶದವರೊಬ್ಬರು ಬಾಹ್ಯಾಕಾಶಕ್ಕೆ ಹೋಗಿಬಂದ ವರ್ಷ ನಾನು ಹತ್ತನೇ ಕ್ಲಾಸಿನಲ್ಲಿದ್ದೆ. ಶಾಲೆಯ ವಿಜ್ಞಾನ ಸಂಘದ ವಾರ್ಷಿಕ ಸಭೆಯಲ್ಲಿ ಅದರ ಬಗ್ಗೆ ಭಾಷಣ ಮಾಡಬೇಕಿತ್ತು. ಕೋಲಾರದ ಲೈಬ್ರರಿಗೆ ಹೋಗಿ ಇಂಗ್ಲಿಷ್ ವಿಜ್ಞಾನ ಪತ್ರಿಕೆಗಳನ್ನು ಓದುತ್ತಿದ್ದ ಅಕ್ಕನನ್ನು ಕೇಳಿದೆ.

"ಮೇಲೆ ಹೋದೋರಿಗೆ ತೂಕಾನೇ ಇರಲ್ಲ ಕಣೇ. ಕಾಲಲ್ಲಿರೋ ರಕ್ತ ಎದೆಗೆ, ತಲೆಗೆ ಏರುತ್ತೆ. ರಕ್ತ ಜಾಸ್ತಿ ಆಯ್ತು ಅಂತ ಮೈ ತಪ್ಪು ತಿಳ್ಕೊಂಡು ಕೆಂಪು ಕಣಾನ ಕಮ್ಮಿ ಮಾಡುತ್ತೆ. ಆ ಕಣದಲ್ಲಿದ್ದ ಕಬ್ಬಿಣ ಎಲ್ಲಿಗೆ ಹೋಗುತ್ತೆ ಹೇಳು?"

"ಮೂಳೆಗಾ?" ಎಂದೆ.

"ಉಗ್ರಾಣಕ್ಕೆ. ಲಿವರ್ರೇ ಉಗ್ರಾಣ. ಅಲ್ಲಿ ತುಂಬ್ಕೊಂಡು ಕೂತಿರುತ್ತೆ. ಕೆಳಗಿಳಿದು ಸ್ವಲ್ಪ ದಿನ ಆದ್ಮೇಲೆ ತಿರುಗಾ ರಕ್ತ ಸರಿಹೋಗುತ್ತೆ." ಅಲ್ಲಿಗೇ ಅವರ ದನಿ ಬದಲಾಯಿತು. "ಅವ್ರು ಹೋಗೋಕ್ ಮುಂಚೆ ರಕ್ತ ನೋಡ್ತಾರೆ, ಬಂದ್ಮೇಲೂ ನೋಡ್ತಾರೆ. ನೋಡ್ಲಿ, ಒಳ್ಳೇದೇ. ನೆಲದ ಮೇಲಿರೋ ನಮ್ಮ ಹೆಂಗಸರದ್ದು ಯಾರೇ ನೋಡ್ತಾರೆ? ಇವ್ರಿಗೆ ಉಗ್ರಾಣಾನೂ ಖಾಲಿ."

ಆಗ ನಮ್ಮ ಅತ್ತಿಗೆ ಆರು ತಿಂಗಳ ಬಸುರಿ. ಆಂಧ್ರದ ಗಡಿಯಾಚೆಯ ಹುಡುಗಿ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಏದುಸಿರು ಬಿಡುತ್ತಿದ್ದರೂ "ನಾಕೇಮೀ ಲೇದು" ಎಂದು, ತನಗೇನೂ ಆಗಿಲ್ಲವೆಂದು ನಗುತ್ತಿದ್ದಳು. ಅಕ್ಕ ಅವಳ ರಕ್ತವನ್ನು ಗಾಜಿನ ನಳಿಕೆಯಲ್ಲಿಟ್ಟು ಹನಿ ಹನಿ ನೀರು ಬೆರೆಸಿ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೋಲಿಸಿದರು. ಹನ್ನೊಂದಾದರೂ ಇರಬೇಕಿದ್ದ ಹಿಮೋಗ್ಲೋಬಿನ್ ಆರೇ ಇತ್ತು.

ಮಾತ್ರೆ ಕೊಡುವ ಕಿಟಕಿಯಲ್ಲಿ ಕಬ್ಬಿಣದ ಮಾತ್ರೆ ಕೇಳಿದರೆ "ಸ್ಟಾಕ್ ಇಲ್ಲ" ಎಂದರು. ಮೂರು ಸಲ ಹೋದೆವು, ಮೂರು ಸಲವೂ ಅದೇ ಮಾತು. ಅಕ್ಕ ಕೋಲಾರದಿಂದ ತಾವೇ ಒಂದು ಬಾಟಲಿ ಟಾನಿಕ್ ತಂದುಕೊಟ್ಟರು. ಅದು ಹದಿನೈದು ದಿನಕ್ಕೆ ಮುಗಿಯಿತು. ಹೆರಿಗೆಯಾಗಿ ಮಗು ಉಳಿಯಿತು, ತಾಯಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಕೋಲಾರಕ್ಕೆ ಹೊರಟ ಜೀಪು ದೇವರಾಯಸಮುದ್ರ ದಾಟುವ ಮೊದಲೇ, ಮಟಮಟ ಮಧ್ಯಾಹ್ನ, ಅತ್ತಿಗೆ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟಳು.

ಹತ್ತು ದಿನದ ಮೇಲೆ ಒಡೆದ ನಳಿಕೆಗೆ ಬದಲಿ ಹುಡುಕಲು ಅಕ್ಕ ಸ್ಟೋರ್ ರೂಮಿನ ಬೀಗ ತೆಗೆಸಿದರು. ಒಳಗೆ ಪೆಟ್ಟಿಗೆಗಳ ಸಾಲು. ಎಲ್ಲವೂ ಕಬ್ಬಿಣದ ಮಾತ್ರೆ, ಸೀಲು ಕೂಡ ಒಡೆದಿರಲಿಲ್ಲ. ದೊಡ್ಡವರು ಯಾರಾದರೂ ಬಂದು ಹಂಚುವಾಗ ಫೋಟೋ ತೆಗೆಸೋಣವೆಂದು ವೈದ್ಯಾಧಿಕಾರಿ ಅವನ್ನು ತಿಂಗಳುಗಟ್ಟಲೆ ಎತ್ತಿಡಿಸಿದ್ದರೆಂದು ಬೀಗ ತೆಗೆದವನೇ ಅಕ್ಕನಿಗೆ ಹೇಳಿದ. ಫೋಟೋಗಾಗಿ!

ವಿಜ್ಞಾನ ಸಂಘದ ಸಭೆಗೆ ಮುಖ್ಯ ಅತಿಥಿ ಅದೇ ವೈದ್ಯಾಧಿಕಾರಿ. ನಾನು ಭಾಷಣ ಓದುತ್ತಾ, ರಕ್ತದಲ್ಲಿರಬೇಕಾದ ಕಬ್ಬಿಣ ಉಗ್ರಾಣ ಸೇರುತ್ತದೆ ಎಂಬ ಸಾಲಿಗೆ ಬಂದಾಗ ಓದು ನಿಲ್ಲಿಸಿ ಅಧಿಕಾರಿಯ ಕಡೆ ನೋಡಿದೆ. ಹಿಂದಿನ ಬೆಂಚಿನಿಂದ ಅಕ್ಕ ಎದ್ದರು. ನೇರ ವೇದಿಕೆಗೆ ಬಂದು, ಸೀಲು ಒಡೆಯದ ಒಂದು ಡಬ್ಬಿಯನ್ನು ಅಧಿಕಾರಿಯ ಮುಂದಿದ್ದ ಸನ್ಮಾನದ ಹಾರದ ಪಕ್ಕ ಇಟ್ಟರು.

"ಸಾರ್, ಇದು ನಿಮ್ಮ ಸ್ಟೋರಲ್ಲಿತ್ತು. ಈ ಹುಡುಗಿ ಅತ್ತಿಗೆ ಮೂರು ಸಲ ಬಂದು ಕೇಳಿದ್ಲು. ಈಗ ಅವ್ಳಿಲ್ಲ. ಯಾಕೆ ಕೊಡಲಿಲ್ಲ ಅಂತ ಇಲ್ಲೇ ಹೇಳಿ."

"ಕೂತ್ಕೊಳಮ್ಮ, ಇದು ವಿಜ್ಞಾನದ ಕಾರ್ಯಕ್ರಮ," ಎಂದರು ಅವರು.

"ನಾನೂ ವಿಜ್ಞಾನಾನೇ ಮಾತಾಡ್ತಿರೋದು ಸಾರ್."

ಗಾಬರಿಯಾದ ಹೆಡ್ ಮಾಸ್ಟರು ರಾಷ್ಟ್ರಗೀತೆ ಹಾಡಿಸಿಬಿಟ್ಟರು. ಎಲ್ಲರೂ ಎದ್ದು ನಿಂತೆವು. ಅಕ್ಕನೂ ನೆಟ್ಟಗೆ ನಿಂತು ಪೂರ್ತಿ ಹಾಡಿದರು, ಅಧಿಕಾರಿಯ ಮುಖದಿಂದ ಕಣ್ಣು ಕೀಳದೆ.

ಮಾರನೆಯ ಬೆಳಿಗ್ಗೆ ಮಾತ್ರೆ ಹಂಚಿದರು. ಯಾರೂ ಫೋಟೋ ತೆಗೆಯಲಿಲ್ಲ. ತಿಂಗಳೊಳಗೆ ಅಕ್ಕನನ್ನು ರಾಜ್ಯದ ಇನ್ನೊಂದು ತುದಿಗೆ ವರ್ಗ ಮಾಡಿದರು. ವೈದ್ಯಾಧಿಕಾರಿ ಇದ್ದಲ್ಲೇ ಇದ್ದರು.

ಬಸ್ ಸ್ಟ್ಯಾಂಡಿನಲ್ಲಿ ನಾನು ಅತ್ತೆ. ಅಕ್ಕ ಗದರಿದರು: "ಅಳ್ಬೇಡ ಕಣೇ. ನೀನು ಅತ್ತರೆ ಅವ್ರಿಗೆ ಆರಾಮು. ಕೇಳು. ಬರೆದು ಕೇಳು. ಬರೆದಿದ್ದನ್ನ ಫೈಲಿಗೆ ಹಾಕ್ಲೇಬೇಕು."

ಮೂರು ವರ್ಷದ ಮೇಲೆ ಸುದ್ದಿ ಬಂತು. ಅಕ್ಕ ಕಾಮಾಲೆಯಿಂದ ತೀರಿಕೊಂಡಿದ್ದರು. ರೋಗಿಗಳ ರಕ್ತದಿಂದಲೇ ಅಂಟಿರಬೇಕೆಂದು ಅಲ್ಲಿನ ನರ್ಸ್ ಒಬ್ಬರು ಕಾಗದದಲ್ಲಿ ಬರೆದಿದ್ದರು. ಲ್ಯಾಬಿಗೆ ಕೈಗವಸು ಬೇಕೆಂದು ಅಕ್ಕ ಎರಡು ಅರ್ಜಿ ಹಾಕಿದ್ದರಂತೆ.

ಆ ಎರಡು ಅರ್ಜಿಗಳು ಏನಾದವೆಂದು ಕೇಳಿ ನಾನು ಇಲಾಖೆಗೆ ಪತ್ರ ಬರೆದೆ. ನನ್ನ ಜೀವನದ ಮೊದಲ ಅರ್ಜಿ ಅದು. ಉತ್ತರ ಬರಲಿಲ್ಲ. ಮತ್ತೆ ಬರೆದೆ.